ಅಗ್ಗದ ತೋಟದ ಮನೆ: ಮುಂಗಡ ಕೊಡುವ ಮೊದಲು ನೋಡಬೇಕಾದ್ದೇನು?

‘ಐದು ಎಕರೆ ಜಾಗ, ಅಡಿಕೆ ತೋಟ, ಹಳೇ ಹೆಂಚಿನ ಮನೆ, ತೆರೆದ ಬಾವಿ. ಪಕ್ಕದಲ್ಲೇ ಹಳ್ಳ. ಬೆಲೆ 40 ಲಕ್ಷ.’ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಸಿದ್ದಾಪುರದ ಕಡೆಯಿಂದ ಇಂಥ ಜಾಹೀರಾತು ಮೊಬೈಲಿಗೆ ಬರುತ್ತಲೇ ಇರುತ್ತವೆ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಳ್ಳೆಯ ಫ್ಲಾಟ್ ಸಿಗುವುದೂ ಕಷ್ಟ. ಆಸೆ ಹುಟ್ಟದೆ ಇರುತ್ತದಾ?

ಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯೂ ಈಗ ಕಡಿಮೆ. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ವಿದೇಶದಲ್ಲಿ ನೆಲೆಸಿರುವವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಎನ್‌ಆರ್‌ಐ, ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರು) ಆಗಿರುವವರು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳಲು ವಿದೇಶಿ ವಿನಿಮಯದ ನಿಯಮ ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ.

ಹಾಗಾದರೆ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ಊರಿನವರು ಇದನ್ನು ಯಾಕೆ ಕೊಂಡಿಲ್ಲ ಅನ್ನುವುದು. ಮಲೆನಾಡಿನಲ್ಲಿ ಒಳ್ಳೆಯ ತೋಟ ಮಾರಾಟಕ್ಕಿದೆ ಅಂತ ಸುದ್ದಿಯಾದರೆ ಪಕ್ಕದ ತೋಟದವರೇ ಮೊದಲು ಬಾಗಿಲಿಗೆ ಬರುತ್ತಾರೆ. ಬೇಲಿ ಕಿತ್ತರೆ ಎರಡೂ ಒಂದೇ ತೋಟ, ಅವರಿಗೆ ಅದಕ್ಕಿಂತ ಅನುಕೂಲ ಬೇರೇನಿದೆ? ಅದು ಅವರ ಕೈ ದಾಟಿ, ಬ್ರೋಕರ್ ಕೈ ದಾಟಿ, ನಿಮ್ಮ ಮೊಬೈಲಿನ ತನಕ ಬಂದಿದೆ ಅಂದರೆ ಏನೋ ಕಾರಣ ಇದೆ. ಮಕ್ಕಳೆಲ್ಲ ಪಟ್ಟಣ ಸೇರಿ ವಯಸ್ಸಾದ ಇಬ್ಬರೇ ಉಳಿದಿದ್ದಾರೆ ಅನ್ನುವಂಥ ಸಾಧು ಕಾರಣವೂ ಇರಬಹುದು. ದಾರಿ, ನೀರು, ಕಾಗದ, ರೋಗ, ಈ ನಾಲ್ಕರಲ್ಲಿ ಒಂದು ಕೈಕೊಟ್ಟಿರಲೂಬಹುದು. ಯಾವುದು ಅಂತ ಕಂಡುಹಿಡಿಯುವುದೇ ನಿಮ್ಮ ಕೆಲಸ.

ಹೆಜ್ಜೆ 1: ತೋರಿಸಿದ ಜಾಗ ಬೇರೆ, ಪಹಣಿಯ ಜಾಗ ಬೇರೆ

ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಾಲೀಕರು ಅಂಗಳದಲ್ಲಿ ನಿಂತು ಕೈ ಚಾಚುತ್ತಾರೆ: ‘ಅಕೋ, ಅಲ್ಲೊಂದು ಹಲಸಿನ ಮರ ಕಾಣ್ತದಲ್ಲ, ಅಲ್ಲಿವರೆಗೂ ನಮ್ದೇಯ.’ ಅವರು ಸುಳ್ಳು ಹೇಳುತ್ತಿಲ್ಲ. ಅಜ್ಜನ ಕಾಲದಿಂದ ಆ ಗುಡ್ಡದ ಸೊಪ್ಪು, ದರಕು (ಒಣ ಎಲೆ) ತಂದವರು ಅವರೇ. ಆದರೆ ಅದು ‘ಬೆಟ್ಟ’. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಅಡಿಕೆ ತೋಟಕ್ಕೆ ಸೊಪ್ಪಿಗೆಂದು ಬಿಟ್ಟುಕೊಟ್ಟ ಸರ್ಕಾರಿ ಜಾಗ. ಅನುಭೋಗ ಇದೆ, ಒಡೆತನ ಇಲ್ಲ. ದಕ್ಷಿಣ ಕನ್ನಡ, ಉಡುಪಿಗೆ ಹೋದರೆ ಇದೇ ಮಾತು ಕುಮ್ಕಿಗೆ ಬರುತ್ತದೆ. ಅಲ್ಲಿ ವರ್ಗ ಜಮೀನಿನ (ಖಾಸಗಿ ಹಿಡುವಳಿಯ) ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗಕ್ಕೆ ಕುಮ್ಕಿ ಅನ್ನುತ್ತಾರೆ. ಕೊಡಗಿನ ಬಾಣೆಗೆ (ಗದ್ದೆಗೆ ಹೊಂದಿಕೊಂಡು ಬಿಟ್ಟ ಕಾಡು ಜಾಗ) ಅದರದ್ದೇ ನಿಯಮಗಳಿವೆ. ಇದರ ಮೇಲೆ ಬಗರ್‌ಹುಕುಂ ಬೇರೆ. ಸರ್ಕಾರಿ ಜಾಗ ಸಾಗುವಳಿ ಮಾಡಿ, ಸಕ್ರಮಕ್ಕೆ ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿರುತ್ತಾರೆ. ಅರ್ಜಿ ಹಾಕಿದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ‘ಫೈಲ್ ಮೂವ್ ಆಗಿದೆ’ ಅನ್ನುವ ಮಾತಿಗೆ ಒಂದು ರೂಪಾಯಿಯೂ ಕೊಡಬೇಡಿ.

ಈಗ ಜಾಹೀರಾತಿನ ಲೆಕ್ಕಕ್ಕೆ ಬನ್ನಿ. 5 ಎಕರೆಗೆ 40 ಲಕ್ಷ, ಅಂದರೆ ಎಕರೆಗೆ 8 ಲಕ್ಷ. ಪಹಣಿ (ಜಮೀನಿನ ಹಕ್ಕುದಾಖಲೆ, ಆರ್‌ಟಿಸಿ) ತೆಗೆಸಿ ನೋಡಿದರೆ ಹಿಡುವಳಿ ಇರುವುದು 1 ಎಕರೆ 20 ಗುಂಟೆ ಅಂತಿಟ್ಟುಕೊಳ್ಳಿ. ಆಗ ಎಕರೆಗೆ 26 ಲಕ್ಷ ದಾಟಿತು. ಅಗ್ಗ ಎಲ್ಲಿ ಬಂತು?

ಪಹಣಿ ಓದುವುದು ಕಷ್ಟವೇನಲ್ಲ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು ಅಂತ ಇರುತ್ತದೆ. ‘ಎ’ ಖರಾಬು ಅಂದರೆ ಸಾಗುವಳಿಗೆ ಬಾರದ್ದು. ‘ಬಿ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದು ಯಾರ ಹೆಸರಿಗೂ ಆಗುವುದಿಲ್ಲ. 9ನೇ ಕಾಲಂನಲ್ಲಿ ಹೆಸರುಗಳು. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕಾರು ಹೆಸರು ಒಟ್ಟಿಗಿದ್ದರೆ ಇನ್ನೂ ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿಲ್ಲ ಅಂತರ್ಥ, ನಿಮ್ಮ ಪಾಲು ಯಾವ ಮೂಲೆ ಅಂತ ಯಾರೂ ಹೇಳಲಾರರು. 11ನೇ ಕಾಲಂನಲ್ಲಿ ಸಾಲ ಮತ್ತು ಋಣಭಾರ. ಸೊಸೈಟಿಯ ಬೆಳೆ ಸಾಲ ಕಾಣಿಸಿದರೆ ಗಾಬರಿ ಬೇಡ, ತೀರಿಸಿ ತೆಗೆಸಿಕೊಡಲು ಹೇಳಿ. ಕೋರ್ಟಿನ ತಡೆಯಾಜ್ಞೆಯ ನಮೂದಿದ್ದರೆ ಅಲ್ಲಿಗೇ ಕೈಮುಗಿದು ವಾಪಸ್ ಬನ್ನಿ.

ಸರ್ವೆ ಮಾಡಿಸದೆ ಮುಂದೆ ಹೋಗಲೇಬೇಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕೇ ಬೇಕು. ಅಳತೆಯ ದಿನ ನೀವೂ ಹೋಗಿ, ಅಕ್ಕಪಕ್ಕದವರನ್ನೂ ಕರೆಯಿರಿ. ಅಗಳದ (ಗಡಿಯ ಕಂದಕದ) ಮೇಲೆ ನಿಂತು ‘ಈ ಕಲ್ಲು ನಮ್ಮ ಕಡೆಯದ್ದು’ ಅಂತ ಯಾರಾದರೂ ದನಿ ತೆಗೆದರೆ, ಅದು ನೋಂದಣಿಗೆ ಮೊದಲೇ ಗೊತ್ತಾಗಲಿ.

ಇನ್ನೊಂದು ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ: ಮನೆ ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ? ಮಲೆನಾಡಿನಲ್ಲಿ ಮನೆ ಊರೊಳಗೆ ಇರುವುದಿಲ್ಲ, ತೋಟದ ತಲೆಯ ಮೇಲೆ ಒಂಟಿಯಾಗಿ ಇರುತ್ತದೆ. ತೋಟ ಪಹಣಿಯಲ್ಲಿದ್ದು, ಮನೆ, ಕೊಟ್ಟಿಗೆ, ಅಂಗಳ ಬೆಟ್ಟದ ನಂಬರಿನಲ್ಲಿ ಕೂತಿರುವುದು ಅಪರೂಪವೇನಲ್ಲ. ಅಂಥ ಕಡೆ ನೀವು ಕೊಳ್ಳುತ್ತಿರುವುದು ಮನೆಯನ್ನಲ್ಲ, ಸರ್ಕಾರಿ ಜಾಗದ ಮೇಲಿನ ಹೆಂಚನ್ನು. ಪಂಚಾಯಿತಿಯ ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆಯಾದ ಇ–ಸ್ವತ್ತಿನಲ್ಲಿ ಆ ಮನೆಗೆ ನಮೂನೆ 9 ಮತ್ತು 11 ಇದೆಯಾ ಅಂತ ಕೇಳಿ. ಬರೀ ಮನೆ ಕಂದಾಯದ ರಸೀದಿ ತೋರಿಸಿದರೆ ಸಾಲದು. ಇವಿಲ್ಲದೆ ಬ್ಯಾಂಕ್‌ನವರು ಗೃಹಸಾಲದ ಮಾತೂ ಆಡುವುದಿಲ್ಲ.

ಹಳೇ ಮನೆ ಕೆಡವಿ ಹೊಸದು ಕಟ್ಟುವ ಯೋಚನೆ ಇದ್ದರೆ ಇದನ್ನೂ ತಿಳಿದಿರಿ. ಭೂಪರಿವರ್ತನೆ ಇಲ್ಲದೆ ಕೃಷಿ ಜಮೀನಿನಲ್ಲಿ ಸ್ವಂತಕ್ಕೆ ತೋಟದ ಮನೆ ಕಟ್ಟಬಹುದು, ಆದರೆ ಹಿಡುವಳಿಯ ಶೇ 10ರ ಒಳಗೆ. ಹೋಂಸ್ಟೇ ಮಾಡಿ ಇಎಂಐ ಕಟ್ಟುವ ಲೆಕ್ಕ ಬೇರೆಯೇ ಅನುಮತಿಗಳ ದಾರಿ. ಜಾಗದ ಸುತ್ತ ಕಾಡಿದ್ದರೆ ಅರಣ್ಯ ಇಲಾಖೆಯ ಕಚೇರಿಗೂ ಒಮ್ಮೆ ಹೋಗಿ ಬನ್ನಿ, ಮೀಸಲು ಅರಣ್ಯ ಮಾಡಲು ಹೊರಡಿಸುವ ಸೆಕ್ಷನ್ 4 ಅಧಿಸೂಚನೆಯಲ್ಲಿ, ಡೀಮ್ಡ್ (ಪರಿಭಾವಿತ) ಅರಣ್ಯದ ಪಟ್ಟಿಯಲ್ಲಿ ಆ ಸರ್ವೆ ನಂಬರ್ ಇದೆಯಾ ನೋಡಿ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಆರನೇ ಕರಡು 2024ರ ಜುಲೈಯಲ್ಲಿ ಬಂದಿದೆ. ಹಳ್ಳಿಗಳ ಹೆಸರು ಅದರಲ್ಲೇ ಇವೆ.

ಹೆಜ್ಜೆ 2: ಸಹಿ ಹಾಕಬೇಕಾದವರು ಯಾರ್‍ಯಾರು?

ವಂಶವೃಕ್ಷ ಕೇಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ‘ಅಕ್ಕಂದಿರದ್ದೇನೂ ತಕರಾರಿಲ್ಲ, ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಅನ್ನುವುದು ಊಟದ ಮನೆಯ ಮಾತು. ನೋಂದಣಿ ಕಚೇರಿಗೆ ಅಕ್ಕಂದಿರೇ ಬಂದು ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು.

ಜಮೀನು ಮೂಲದಲ್ಲಿ ಹೇಗೆ ಬಂತು ಅನ್ನುವುದನ್ನು ಎಂ.ಆರ್. (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ದಾಖಲೆ) ಪ್ರತಿಗಳಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಸಿಂಧು, ಜಮೀನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ಮರಳುತ್ತದೆ. 2023ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ನಡುವೆ ನಾಲ್ಕು ಜನರ ಕೈ ದಾಟಿದೆ ಅನ್ನುವುದು ನಿಮ್ಮನ್ನು ಕಾಯುವುದಿಲ್ಲ.

ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ನೋಂದಣಿಯಾದದ್ದು ಮಾತ್ರ ಅದರಲ್ಲಿ ಕಾಣುತ್ತದೆ. ಬಿಳಿ ಹಾಳೆಯ ಮೇಲಿನ ಪಾಲುಪಟ್ಟಿ ಕಾಣುವುದಿಲ್ಲ. ವಕೀಲರನ್ನು ಆ ತಾಲ್ಲೂಕಿನಲ್ಲೇ ಹಿಡಿಯಿರಿ, ಬ್ರೋಕರ್ ಪರಿಚಯಿಸಿದವರು ಬೇಡ.

ಹೆಜ್ಜೆ 3: ಮಳೆಯಲ್ಲಿ ದಾರಿ, ಬೇಸಿಗೆಯಲ್ಲಿ ನೀರು

ಮಲೆನಾಡಿನ ಮನೆಯನ್ನು ಡಿಸೆಂಬರ್ ರಜೆಯಲ್ಲಿ ನೋಡಿ ಒಪ್ಪಿಕೊಳ್ಳುವುದು ಮದುಮಗಳನ್ನು ಫೋಟೊದಲ್ಲಿ ನೋಡಿ ಒಪ್ಪಿದ ಹಾಗೆ. ಎಲ್ಲ ಹಸಿರು, ಹಳ್ಳದಲ್ಲಿ ತಿಳಿನೀರು, ರಸ್ತೆ ಒಣಗಿರುತ್ತದೆ. ಆಷಾಢದಲ್ಲಿ ಹೋಗಿ. ಕಾರು ಅಂಗಳದವರೆಗೆ ಹೋಗುತ್ತದಾ, ಅಥವಾ ಅರ್ಧ ಕಿಲೋಮೀಟರ್ ಹಿಂದೆ ನಿಲ್ಲಿಸಿ ಕಾಲುಸಂಕ ದಾಟಬೇಕಾ? ಗ್ಯಾಸ್ ಸಿಲಿಂಡರ್ ಎಲ್ಲಿಗೆ ಇಳಿಸುತ್ತಾರೆ? ಶಾಲೆಯ ವ್ಯಾನ್ ಎಲ್ಲಿ ನಿಲ್ಲುತ್ತದೆ? ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ? ಇದನ್ನೆಲ್ಲ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ.

ದಾರಿ ಇದ್ದರೆ ಅದು ಯಾರ ಜಾಗದ ಮೇಲೆ ಹೋಗುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ಗ್ರಾಮನಕ್ಷೆಯಲ್ಲಿ ಗುರುತಾದ ನಕಾಶೆ ದಾರಿಯಾದರೆ ನಿಶ್ಚಿಂತೆ. ಇನ್ನೊಬ್ಬರ ತೋಟದ ನಡುವೆ ಹೋಗುವುದಾದರೆ, ಈವರೆಗೆ ನಡೆದದ್ದು ಎರಡು ಮನೆಗಳ ನಡುವಿನ ವಿಶ್ವಾಸದ ಮೇಲೆ. ಹಳೇ ಮಾಲೀಕರು ಹೋದ ಮರುದಿನ ದಣಪೆಗೆ (ಬೇಲಿಯ ಗೇಟಿಗೆ) ಬೀಗ ಬಿದ್ದರೆ ಆಶ್ಚರ್ಯವಿಲ್ಲ. 20 ವರ್ಷ ಅಡೆತಡೆ ಇಲ್ಲದೆ ಹಕ್ಕಿನಿಂದ ಓಡಾಡಿದ್ದರೆ 1882ರ ಅನುಭೋಗ ಕಾಯ್ದೆಯಲ್ಲಿ ಹಕ್ಕು ಕೇಳಬಹುದು, ನಿಜ. ಆದರೆ ಕೇಳಬೇಕಾದ್ದು ಕೋರ್ಟಿನಲ್ಲಿ. ಅದರ ಬದಲು ದಾರಿ ಕೊಡುವವರಿಂದ ನೋಂದಾಯಿತ ಪತ್ರವನ್ನೇ ಮೊದಲು ಮಾಡಿಸಿಕೊಳ್ಳಿ. ಅವರು ‘ಅದೆಲ್ಲ ಯಾಕೆ, ಬಾಯಿಮಾತು ಸಾಲದಾ?’ ಅಂದರೆ ಉತ್ತರ ಸಿಕ್ಕಿದಂತೆಯೇ.

ನೀರಿಗೂ ಇದೇ ಲೆಕ್ಕ. ಗುಡ್ಡದ ಮೇಲಿಂದ ಪೈಪಿನಲ್ಲಿ ತಾನಾಗಿ ಇಳಿದುಬರುವ ಅಬ್ಬಿ ನೀರು ನೋಡಿ ಮನಸೋಲದವರಿಲ್ಲ. ಅಬ್ಬಿಯ ಮೂಲ ಯಾರ ಸರ್ವೆ ನಂಬರಿನಲ್ಲಿದೆ? ಕಾಡಿನದ್ದಾ, ಮೇಲಿನ ಮನೆಯವರದ್ದಾ? ಏಪ್ರಿಲ್ ಕೊನೆಯಲ್ಲಿ ಎಷ್ಟು ಬರುತ್ತದೆ? ಬಾವಿಯ ತಳ ಆಗಲೇ ಕಾಣುತ್ತಿದ್ದರೆ ಮನೆಗೂ ತೋಟಕ್ಕೂ ಒಟ್ಟಿಗೆ ನೀರು ಸಾಲುವುದಿಲ್ಲ.

ಜುಲೈಯಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ನೋಡುವಷ್ಟರಲ್ಲಿ ಬೇರೆಯವರು ಕೊಂಡುಬಿಟ್ಟರೆ? ಕೊಳ್ಳಲಿ ಬಿಡಿ. ಇಂಥ ಮನೆಗಳು ಇನ್ನೂ ಬರುತ್ತವೆ.

ಹೆಜ್ಜೆ 4: ಮಾಡು, ಗೋಡೆ, ಗೆದ್ದಲು

ಹೊಸದಾಗಿ ಬಣ್ಣ ಬಳಿದ ಹಳೇ ಮನೆಯನ್ನು ಎರಡು ಸಲ ನೋಡಿ. ಅಟ್ಟ ಹತ್ತಿ, ಟಾರ್ಚ್ ಬಿಟ್ಟು ಹೆಂಚು ಹೊರುವ ಮರಗಳಾದ ಪಕಾಸಿ, ರೀಪುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ. ಗೆದ್ದಲು ತಿಂದ ಮರ ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ, ಚುಚ್ಚಿದರೆ ಹಿಟ್ಟು ಉದುರುತ್ತದೆ. ಗೋಡೆಯ ತಲೆಯಲ್ಲಿ, ಮಾಡು ಕೂರುವ ಕಡೆ, ಮಣ್ಣಿನ ಗೆರೆ ಹತ್ತಿದೆಯಾ ನೋಡಿ. ಮಣ್ಣಿನ ಗೋಡೆಗೆ ಮೇಲಿಂದ ಸಿಮೆಂಟ್ ಮೆತ್ತಿದ್ದರೆ ಒಳಗಿನ ಶೀತ ಹೊರಹೋಗದೆ ಗೋಡೆ ಪದರಪದರವಾಗಿ ಬಿಡುತ್ತದೆ. ಹೆಂಚು ಬದಲಾಯಿಸುವುದು ದೊಡ್ಡ ಖರ್ಚಲ್ಲ, ಮಾಡಿನ ಮರ ಬದಲಾಯಿಸುವುದು ದೊಡ್ಡ ಖರ್ಚು. ಅಂದಾಜನ್ನು ಆ ಊರಿನ ಬಡಗಿಯಿಂದಲೇ ಬರೆಸಿ. ಬೆಂಗಳೂರಿನ ಕಂಟ್ರಾಕ್ಟರ್ ‘ಕೆಡವಿ ಸಾರ್, ಹೊಸದು ಕಟ್ಟೋಣ’ ಅಂತಲೇ ಹೇಳುವುದು.

ಹೆಜ್ಜೆ 5: ತೋಟ ಮನೆಯನ್ನು ಸಾಕುತ್ತದಾ?

‘ತೋಟದ ಆದಾಯದಲ್ಲೇ ಖರ್ಚೆಲ್ಲ ಹೋಗ್ತದೆ’ ಅಂದರೆ ಕಳೆದ ಮೂರು ವರ್ಷದ ಮಂಡಿ ಚೀಟಿ ಕೇಳಿ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಎಷ್ಟೋ ತೋಟಗಳನ್ನು ಮುಗಿಸಿದೆ. ಎಲೆಚುಕ್ಕಿ ಈಗ ಎಲ್ಲ ಕಡೆಯ ಮಾತು. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲೇಬೇಕು. ಅದಕ್ಕೆ ಮರ ಹತ್ತುವ ಕೊನೆಗಾರ ಬೇಕು, ಅವನು ಬರುವುದು ಮಳೆ ಬಿಟ್ಟ ದಿನ. ಆ ದಿನ ನೀವು ಬೆಂಗಳೂರಿನ ಮೀಟಿಂಗಿನಲ್ಲಿದ್ದರೆ ಫಸಲು ಹೋಯಿತು. ಶನಿವಾರ, ಭಾನುವಾರ ಮಾತ್ರ ಬರುವವರಾದರೆ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಡುವುದು ಲೇಸು, ಆದಾಯ ಕಡಿಮೆಯಾದರೂ ತಲೆಬಿಸಿ ಇಲ್ಲ. ಮಂಗ, ಹಂದಿಗಳ ಪಾಲನ್ನು ಮೊದಲೇ ಕಳೆದು ಲೆಕ್ಕ ಹಾಕಿ.

ಅಲ್ಲೇ ಉಳಿಯುವವರಾದರೆ ಕರೆಂಟ್, ನೆಟ್‌ವರ್ಕ್, ಆಸ್ಪತ್ರೆಯ ದೂರ ನೋಡಿಯೇ ನೋಡುತ್ತೀರಿ, ಹೆಚ್ಚು ಹೇಳಬೇಕಿಲ್ಲ. ಒಂದು ಮಾತ್ರ: ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗಿನಿಂದ ಹರಡುತ್ತದೆ. ಆ ಊರಲ್ಲಿ ಬಂದಿತ್ತಾ ಅಂತ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.

ಹೆಜ್ಜೆ 6: ಎಲ್ಲ ಕೂಡಿಸಿ, ಆಮೇಲೆ ಚೌಕಾಸಿ

ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕ ಸೇರಿ ಖರೀದಿ ಬೆಲೆ ಅಥವಾ ಮಾರ್ಗಸೂಚಿ ಬೆಲೆ, ಯಾವುದು ಜಾಸ್ತಿಯೋ ಅದರ ಶೇ 7.5ರ ಆಸುಪಾಸು ಹೋಗುತ್ತದೆ. ಸರ್ವೆ, ವಕೀಲರು, ಮಾಡಿನ ದುರಸ್ತಿ, ಬೇಲಿ, ವೈರಿಂಗ್, ಪಂಪ್‌ಸೆಟ್ ಎಲ್ಲ ಬರೆದು, ಒಟ್ಟು ಮೊತ್ತವನ್ನು ಪಹಣಿಯ ಹಿಡುವಳಿಯಿಂದ ಭಾಗಿಸಿ. ಆ ಅಂಕಿ ಹಿಡಿದು ಮಾತಿಗೆ ಕೂರಿ.

ದಾರಿ ಸರಿಯಿಲ್ಲದ್ದು, ಮಾಡು ಕೆಟ್ಟದ್ದು, ತೋಟ ಸೊರಗಿದ್ದು: ಇವಕ್ಕೆ ಬೆಲೆ ಇಳಿಸಿ ಕೊಳ್ಳಬಹುದು, ದುಡ್ಡು ಹಾಕಿದರೆ ಸರಿಯಾಗುತ್ತವೆ. ಮನೆ ಬೆಟ್ಟದ ನಂಬರಿನಲ್ಲಿದ್ದರೆ, ಪಿಟಿಸಿಎಲ್ ನೆರಳಿದ್ದರೆ, ಅಕ್ಕತಂಗಿಯರು ಸಹಿಗೆ ಬರದಿದ್ದರೆ ಎಷ್ಟೇ ಇಳಿಸಿದರೂ ಬೇಡ. ಮನಸ್ಸು ಇನ್ನೂ ಹೊಯ್ದಾಡುತ್ತಿದ್ದರೆ ಅದೇ ಊರಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ.

ಕೊಳ್ಳುವುದೇ ಅಂತಾದರೆ ಮುಂಗಡ ಆದಷ್ಟು ಕಡಿಮೆ ಕೊಡಿ, ಅದೂ ಬ್ಯಾಂಕ್ ಮೂಲಕ. ಕರಾರುಪತ್ರವನ್ನು ನೋಂದಾಯಿಸಿ. 11ಇ ನಕ್ಷೆ ಬಂದ ಮೇಲೆ, ಸೊಸೈಟಿ ಸಾಲ ತೀರಿದ ಮೇಲೆ, ದಾರಿಯ ಪತ್ರ ಆದ ಮೇಲೆ ಬಾಕಿ ಹಣ ಅಂತ ಅದರಲ್ಲಿ ಬರೆಸಿ. ನೋಂದಣಿಯ ದಿನವೇ ಮನೆ ಮೀಟರ್, ಪಂಪ್‌ಸೆಟ್ ಎರಡರ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ವರ್ಗಾವಣೆ ಅರ್ಜಿಗೂ ಮಾಲೀಕರ ಸಹಿ ಹಾಕಿಸಿಕೊಳ್ಳಿ. ಮರುವಾರ ಅವರು ಮಗನ ಮನೆಗೆ ಅಂತ ಪುಣೆಗೋ ಹೈದರಾಬಾದಿಗೋ ಹೊರಟುಬಿಟ್ಟಿರುತ್ತಾರೆ.