ನಿಮ್ಮ ಮೇಲೇ ದೂರು ಬಂದಾಗ: ಉತ್ತರ ಕೊಡುವುದು ಹೇಗೆ?

ಕಚೇರಿಯ ಆಂತರಿಕ ಸಮಿತಿಯಿಂದ ‘ನಿಮ್ಮ ವಿರುದ್ಧ ಲೈಂಗಿಕ ಕಿರುಕುಳದ ದೂರು ಬಂದಿದೆ’ ಎಂಬ ಪತ್ರ ಬಂದರೆ ಎಂಥವರಿಗೂ ಕೈಕಾಲು ಆಡುವುದಿಲ್ಲ. ಆ ಗಾಬರಿಯಲ್ಲಿ ದೂರು ಕೊಟ್ಟ ಸಹೋದ್ಯೋಗಿಗೇ ಫೋನ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಕ್ಷಮೆ ಕೇಳಲಿಕ್ಕೂ ಬೇಡ, ‘ಯಾಕೆ ಹೀಗೆ ಮಾಡಿದಿರಿ’ ಎನ್ನಲಿಕ್ಕೂ ಬೇಡ, ಪರಿಚಯದವರಿಂದ ಹೇಳಿಸುವುದೂ ಬೇಡ. ಆಕೆಯ ಮೇಲೆ ಒತ್ತಡ ಹೇರಿದಿರಿ ಎಂದೇ ಅದು ದಾಖಲಾಗಬಹುದು. ಹಳೆಯ ಚಾಟ್, ಇಮೇಲ್ ಯಾವುದನ್ನೂ ಅಳಿಸಬೇಡಿ.

ನಂತರ, ದೂರಿನ ಪ್ರತಿ ಕೈಗೆ ಬಂದಿದೆಯೇ ನೋಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿಯ ನಿಯಮಗಳ ಪ್ರಕಾರ ದೂರು ಬಂದ 7 ಕೆಲಸದ ದಿನಗಳೊಳಗೆ ಸಮಿತಿ ಅದನ್ನು ನಿಮಗೆ ಕಳಿಸಬೇಕು. ಅದು ಸಿಕ್ಕ 10 ಕೆಲಸದ ದಿನಗಳೊಳಗೆ ಲಿಖಿತ ಉತ್ತರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಹೆಸರು–ವಿಳಾಸ ಕೊಡುವುದು ನಿಮ್ಮ ಕೆಲಸ. ‘ಯಾರೋ ದೂರು ಕೊಟ್ಟಿದ್ದಾರೆ, ವಿವರಣೆ ಕೊಡಿ’ ಎಂದು ಬಾಯಿಮಾತಿನಲ್ಲಿ ಕೇಳಿದರೆ, ಮೊದಲು ಪ್ರತಿ ಕೊಡಿ ಎಂದು ಇಮೇಲ್ ಹಾಕಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಉತ್ತರಕ್ಕೆ. ‘ಎಲ್ಲವೂ ಸುಳ್ಳು, ನನ್ನ ಹೆಸರು ಕೆಡಿಸುವ ಪಿತೂರಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಅದಕ್ಕೆ ತೂಕವಿರುವುದಿಲ್ಲ. ದೂರಿನ ಒಂದೊಂದು ಪ್ಯಾರಾಕ್ಕೂ ಬೇರೆಬೇರೆಯಾಗಿ ಬರೆಯಿರಿ. ‘ರಾತ್ರಿ ಹನ್ನೊಂದಕ್ಕೆ ಫೋಟೊ ಚೆನ್ನಾಗಿದೆ ಎಂದು ಮೆಸೇಜ್ ಮಾಡಿದರು, ಮರುದಿನ ಲಿಫ್ಟ್‌ನಲ್ಲಿ ಭುಜ ಮುಟ್ಟಿದರು’ ಎಂದು ದೂರಿನಲ್ಲಿದೆ ಎನ್ನಿ. ಉತ್ತರ ಹೀಗಿರಬಹುದು: ‘ಮೆಸೇಜ್ ಕಳಿಸಿದ್ದು ನಿಜ, ಪೂರ್ತಿ ಚಾಟ್ ಲಗತ್ತಿಸಿದ್ದೇನೆ. ಮರುದಿನ ನಾನು ಮೈಸೂರು ಶಾಖೆಯಲ್ಲಿದ್ದೆ. ರೈಲು ಟಿಕೆಟ್, ಅಲ್ಲಿನ ಹಾಜರಾತಿ ಜೊತೆಗಿದೆ.’ ಆಕೆಯ ಉಡುಪು, ಸ್ವಭಾವ, ಮನೆಯ ವಿಚಾರ ಒಂದಕ್ಷರವೂ ಬರಕೂಡದು. ‘ನನ್ನ ಉದ್ದೇಶ ಅದಾಗಿರಲಿಲ್ಲ’ ಎಂದರೆ ಸಾಲದು. ಆ ನಡವಳಿಕೆ ಆಕೆಗೆ ಬೇಡವಾಗಿತ್ತೇ ಎಂಬುದನ್ನೇ ಕಾಯ್ದೆ ಮುಖ್ಯವಾಗಿ ನೋಡುತ್ತದೆ. ತಪ್ಪು ನಡೆದಿದ್ದರೆ ಒಪ್ಪಿಕೊಂಡು ಬರೆಯಿರಿ. ಸುತ್ತಿಬಳಸಿ ಆಕೆಯನ್ನು ತಿಂಗಳುಗಟ್ಟಲೆ ವಿಚಾರಣೆಯಲ್ಲಿ ನಿಲ್ಲಿಸುವುದು ಎರಡನೇ ಅನ್ಯಾಯ.

ರಾಜಿಯ ಮಾತು ನಿಮ್ಮಿಂದ ಬರುವಂತಿಲ್ಲ. ಆಕೆ ಕೋರಿದರೆ ಮಾತ್ರ ಅದಕ್ಕೆ ಅವಕಾಶ, ಅದೂ ವಿಚಾರಣೆಗೆ ಮೊದಲು. ಹಣ ಕೊಟ್ಟು ರಾಜಿ ಮಾಡಿಕೊಳ್ಳುವುದನ್ನು ಕಾಯ್ದೆ ಒಪ್ಪುವುದಿಲ್ಲ.

ಉತ್ತರ ಸಿದ್ಧಪಡಿಸುವಾಗ ವಕೀಲರ ಸಲಹೆ ಪಡೆಯಿರಿ, ಆದರೆ ಸಮಿತಿಯ ಮುಂದೆ ಅವರನ್ನು ಕರೆದೊಯ್ಯುವಂತಿಲ್ಲ. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಸದಸ್ಯರು ಇರಲೇಬೇಕು. ಸಕಾರಣವಿಲ್ಲದೆ ಸತತ ಮೂರು ಬಾರಿ ತಪ್ಪಿಸಿಕೊಂಡರೆ, 15 ದಿನ ಮೊದಲು ನೋಟಿಸ್ ಕೊಟ್ಟು ನಿಮ್ಮ ಗೈರಿನಲ್ಲೇ ತೀರ್ಮಾನ ಮಾಡಬಹುದು. ಸಾಕ್ಷಿಗಳ ಹೆಸರನ್ನು ಸಮಿತಿಗೆ ಕೊಡಿ, ಅವರಿಗೆ ಪಾಠ ಹೇಳಿಕೊಡಲು ಹೋಗಬೇಡಿ. ಗೋಪ್ಯತೆ ನಿಮಗೂ ಅನ್ವಯಿಸುತ್ತದೆ. ಟೀ ಅಂಗಡಿಯಲ್ಲಿ ಆಕೆಯ ಹೆಸರೆತ್ತುವುದು ಬೇಡ. ಈ ನಡುವೆ ಆಕೆಯ ಕೋರಿಕೆಯ ಮೇಲೆ ನಿಮ್ಮನ್ನು ಬೇರೆಡೆಗೆ ವರ್ಗಾಯಿಸಬಹುದು. ಅದು ತಾತ್ಕಾಲಿಕ ಏರ್ಪಾಡು, ಶಿಕ್ಷೆಯೆಂದು ತಿಳಿಯಬೇಕಿಲ್ಲ.

ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆಮೇಲೆ 10 ದಿನಗಳೊಳಗೆ ವರದಿ ಸಿದ್ಧವಾಗಬೇಕು, ಅದು ಇಬ್ಬರಿಗೂ ಸಿಗಬೇಕು. ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಆರೋಪ ಸಾಬೀತಾಗಲಿಲ್ಲ ಎಂದಮಾತ್ರಕ್ಕೆ ಆಕೆ ಸುಳ್ಳು ಹೇಳಿದರೆಂದು ಕಾಯ್ದೆ ಭಾವಿಸುವುದಿಲ್ಲ, ಪ್ರತೀಕಾರಕ್ಕೆ ಇಳಿಯಬೇಡಿ. ಮುಂದೆಯೂ ಒಂದೇ ತಂಡದಲ್ಲಿ ಕೆಲಸ ಮಾಡಬೇಕಿದ್ದರೆ, ಆಕೆಯ ಕೆಲಸದ ಮೌಲ್ಯಮಾಪನವನ್ನು ಬೇರೆ ಮೇಲಧಿಕಾರಿಗೆ ವಹಿಸುವಂತೆ ನೀವೇ ಎಚ್‌ಆರ್‌ಗೆ ಬರೆದು ಕೇಳಿ.