ಬೇಡವಾದ ಸಾಲು ಅಳಿಸುವ ಮುಂಚೆ ಲಾಟ್ ನಂಬರ್ ನೋಡ್ರಿ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ರೈತರು ತಂದ ಒಂದೊಂದು ರಾಶಿ ಮಾಲಿಗೂ ಒಂದು ಲಾಟ್ ನಂಬರ್. ವ್ಯಾಪಾರಿಗಳು ದರ ಹಾಕುವ ಟೆಂಡರ್ ಮುಗಿದ ಮೇಲೆ ಸಾಫ್ಟ್‌ವೇರ್‌ನಿಂದ ಎಕ್ಸೆಲ್ ಫೈಲ್ ಇಳಿಸಿಕೊಂಡರೆ ಪುಟಪುಟಕ್ಕೂ ಅದೇ ತಲೆಸಾಲು, ಅದರ ಕೆಳಗೆ ಖಾಲಿ ಸಾಲು, ನಡುವೆ 'ಪುಟದ ಒಟ್ಟು'. ಒಂದೊಂದೇ ಅಳಿಸುತ್ತ ಕೂತರೆ ರೈತರಿಗೆ ಪಟ್ಟಿ ಕೊಡುವುದು ಯಾವಾಗ?

ಮೊದಲು ಫೈಲಿನ ಇನ್ನೊಂದು ಪ್ರತಿ ತೆಗೆದಿಡ್ರಿ. ಆಮೇಲೆ ಕೊನೆಯ ಕಾಲಂಗೆ ಹತ್ತಿಕೊಂಡೇ ಇರುವ ಖಾಲಿ ಕಾಲಂನಲ್ಲಿ 1, 2 ಎಂದು ಬರೆದು, ಎರಡನ್ನೂ ಹಿಡಿದು ಕೊನೆಯ ಸಾಲಿನವರೆಗೆ ಎಳೆಯಿರಿ. ಈ ಕ್ರಮಸಂಖ್ಯೆ ಇಲ್ಲದಿದ್ದರೆ ಫಿಲ್ಟರ್ ಮೊದಲನೇ ಖಾಲಿ ಸಾಲಿಗೇ ನಿಂತುಬಿಡುತ್ತದೆ. ಯಾವ ಸಾಲು ಹೋಯಿತು ಎಂದು ಮುಂದೆ ಹುಡುಕಲಿಕ್ಕೂ ಇದೇ ಆಧಾರ.

ಈಗ ಮೇಲಿನ ತಲೆಸಾಲಿನ ಮೇಲೆ ನಿಂತು ಕಂಟ್ರೋಲ್, ಶಿಫ್ಟ್, ಎಲ್ ಒತ್ತಿರಿ. ಲಾಟ್ ಕಾಲಂನ ಬಾಣ ಒತ್ತಿ, 'ಸೆಲೆಕ್ಟ್ ಆಲ್' ಟಿಕ್ ತೆಗೆದು, ಪಟ್ಟಿಯ ತಳದಲ್ಲಿರುವ 'ಬ್ಲ್ಯಾಂಕ್ಸ್'ಗೂ 'ಲಾಟ್' ಎಂಬ ಪದಕ್ಕೂ ಟಿಕ್ ಹಾಕ್ರಿ. 'ಪುಟದ ಒಟ್ಟು' ಸಾಲಿನಲ್ಲೂ ಲಾಟ್ ಮನೆ ಖಾಲಿ ಇದ್ದರೆ, ಕಸ ಮಾತ್ರ ಉಳಿಯುತ್ತದೆ. ಎಡಗಡೆಯ ನೀಲಿ ಸಾಲುಸಂಖ್ಯೆಗಳನ್ನು ಮೇಲಿನಿಂದ ಕೆಳಗಿನವರೆಗೆ ಹಿಡಿದು, ಆಲ್ಟ್ ಜೊತೆ ಸೆಮಿಕೋಲನ್ ಒತ್ತಿದರೆ ಕಾಣುವ ಸಾಲುಗಳಷ್ಟೇ ಆಯ್ಕೆಯಾಗುತ್ತವೆ. ಕಂಟ್ರೋಲ್ ಮತ್ತು ಮೈನಸ್ ಒತ್ತಿ ಅಳಿಸಿ, ಫಿಲ್ಟರ್ ತೆಗೆಯಿರಿ. ತಪ್ಪಿದರೆ ಕಂಟ್ರೋಲ್ ಝಡ್.

ಎಫ್5 ಒತ್ತಿ, 'ಸ್ಪೆಷಲ್' ಒಳಗೆ 'ಬ್ಲ್ಯಾಂಕ್ಸ್' ಆರಿಸಿ ಸಾಲು ಅಳಿಸುವ ದಾರಿ ಇದಕ್ಕಿಂತ ಬೇಗ. ನಾನು ಮಾತ್ರ ಅದನ್ನು ಬಿಟ್ಟಿದ್ದೇನೆ. ಒಂದು ಮನೆ ಖಾಲಿ ಇದ್ದರೂ ಇಡೀ ಸಾಲು ಹೋಗುತ್ತದೆ. ದರ ಒಪ್ಪದ ರೈತರ ಮಾಲು ಮುಂದಿನ ಪೇಟೆಗೆ ಉಳಿಯುತ್ತದೆ. ಅವರ ದರದ ಮನೆ ಖಾಲಿಯೇ ಇರುತ್ತದೆ. ಕಳೆದ ಹಂಗಾಮಿನಲ್ಲಿ ಅಂಥ 7 ಲಾಟ್ ನನ್ನ ಕೈಯಿಂದಲೇ ಅಳಿಸಿಹೋದವು. ಹಿರೇಕೆರೂರು ಕಡೆಯ ಒಬ್ಬ ಅಜ್ಜಾರು ಗುರುವಾರ ಬಂದು, "ಯವ್ವಾ, ನನ್ನ ಹೆಸರ ಇಲ್ಲೇನ ಇದರಾಗ?" ಅಂದರು. ಅವರ 18 ಚೀಲ ಕಡ್ಡಿ ಮೆಣಸಿನಕಾಯಿ ನನ್ನ ಮೇಜಿನ ಹಿಂದೆಯೇ ಇತ್ತು, ಚೀಟಿ ಸಮೇತ. ಆ ಮುಖ ಇನ್ನೂ ಕಣ್ಣ ಮುಂದಿದೆ.

ಅದಕ್ಕೇ ಈಗ ಅಳಿಸಿದ ಮೇಲೆ ಚೀಲದ ಕಾಲಂ ಕೂಡಿಸಿ, ಆವಕದ, ಅಂದರೆ ಅಂಗಡಿಗೆ ಬಂದ ಮಾಲಿನ, ಕೈಬರಹದ ಪುಸ್ತಕಕ್ಕೆ ತಾಳೆ ಹಾಕುತ್ತೇನೆ. ಮೊತ್ತ ಜಾಸ್ತಿ ಬಂದರೆ ಎಲ್ಲೋ 'ಪುಟದ ಒಟ್ಟು' ಉಳಿದಿದೆ, ಕಮ್ಮಿ ಬಂದರೆ ಯಾರದೋ ಲಾಟ್ ಹೋಗಿದೆ. ಎರಡೂ ಸರಿ ಕೂಡಿದ ಮೇಲೆಯೇ ಪ್ರಿಂಟ್ ಕೊಡುತ್ತೇನೆ.