ಅಡಿಕೆ ಸಿಪ್ಪೆಯ ಇದ್ದಿಲು ಬಿಲ್ಲೆ: ಗಂಜಿ ಕಲಿಸಿದ ಪಾಠ

ಚಾಲಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣಡಿಕೆ, ಸುಲಿದು ಮುಗಿಯುವ ಹೊತ್ತಿಗೆ ನಮ್ಮ ಕೊಟ್ಟಿಗೆಯ ಹಿಂದೆ ಸಿಪ್ಪೆಯ ಗುಡ್ಡ ಎದ್ದಿರುತ್ತದೆ. ಶಿರಸಿ ಸೀಮೆಯಲ್ಲಿ ಇದು ಯಾರ ಮನೆಗೂ ಹೊಸದಲ್ಲ. ತೋಟಕ್ಕೆ ಹಾಕಿದರೆ ಬೇಗ ಕೊಳೆಯುವುದಿಲ್ಲ. ಬಚ್ಚಲ ಒಲೆಗೆ ತುಂಬಿದರೆ ಭಗ್ಗೆಂದು ಉರಿದು, ಹಂಡೆಯ ನೀರು ಬಿಸಿಯಾಗುವ ಮೊದಲೇ ಬೂದಿ. ಪುಣೆಯ ಗ್ರಾಮೀಣ ತಂತ್ರಜ್ಞಾನ ಸಂಸ್ಥೆ ಆರ್ಟಿ, ಕಬ್ಬಿನ ರವದಿಯಿಂದ (ಒಣಗಿದ ಗರಿಯಿಂದ) ಇದ್ದಿಲು ಮಾಡುವ ವಿಧಾನಕ್ಕೆ 2002ರಲ್ಲಿ ಸುಸ್ಥಿರ ಇಂಧನದ ಆಶ್ಡೆನ್ ಪ್ರಶಸ್ತಿ ಪಡೆದದ್ದನ್ನು ಓದಿದಾಗ, ರವದಿಗೆ ಆಗುವುದು ಸಿಪ್ಪೆಗೆ ಏಕಾಗದು ಎನಿಸಿತು.

200 ಲೀಟರಿನ ಹಳೆಯ ಎಣ್ಣೆ ಡ್ರಮ್ಮಿನ ತಳಕ್ಕೆ ಹತ್ತು ತೂತು ಕೊರೆಸಿ, ಮೂರು ಕಲ್ಲುಗಳ ಮೇಲಿಟ್ಟೆ. ಮೊದಲ ಸಲ ಅವಸರಪಟ್ಟು ಹಸಿ ಸಿಪ್ಪೆ ತುಂಬಿದೆ. ಕೇರಿಯೆಲ್ಲ ಹೊಗೆಯಾಯಿತು, ಬೈಗುಳವೂ ಸಿಕ್ಕಿತು. ತಿಂಗಳುಗಟ್ಟಲೆ ಅಂಗಳದಲ್ಲಿ ಒಣಗಿದ ಚಾಲಿಯ ಸಿಪ್ಪೆಯಾದರೆ ಆ ತೊಂದರೆಯಿಲ್ಲ. ತಳದಲ್ಲಿ ಒಂದು ಹಿಡಿಗೆ ಬೆಂಕಿ ತಾಗಿಸಿ, ಉರಿ ಮೇಲೆದ್ದಂತೆ ಸಿಪ್ಪೆ ಸುರಿಯುತ್ತ ಹೋಗಬೇಕು. ದಟ್ಟ ಬಿಳಿ ಹೊಗೆ ತೆಳುವಾದಾಗ ಕಲ್ಲು ತೆಗೆದು ಡ್ರಮ್ಮನ್ನು ಮಣ್ಣಿನ ಮೇಲೆ ಕೂರಿಸಿ, ಮುಚ್ಚಳದ ಸುತ್ತ ಹಸಿಮಣ್ಣು ಮೆತ್ತುತ್ತೇನೆ. ಮರುದಿನ ಬೆಳಗಿನವರೆಗೆ ಮುಟ್ಟುವ ಹಾಗಿಲ್ಲ. ಒಮ್ಮೆ ಕುತೂಹಲ ತಡೆಯದೆ ಸಂಜೆಯೇ ತೆರೆದೆ. ಗಾಳಿ ತಾಗಿದ್ದೇ ತಡ, ಒಳಗಿದ್ದದ್ದು ಕೆಂಪಗೆ ಹೊತ್ತಿಕೊಂಡು ದಿನದ ದುಡಿಮೆ ಬೂದಿಯಾಯಿತು. ಸರಿಯಾಗಿ ಆದರೆ 20 ಕೆಜಿ ಸಿಪ್ಪೆಗೆ ನಾಲ್ಕೂವರೆ ಕೆಜಿಯಷ್ಟು ಇದ್ದಿಲು ಸಿಗುತ್ತದೆ.

ಇದ್ದಿಲನ್ನು ಗೋಣಿಚೀಲದಲ್ಲಿ ಕಟ್ಟಿ ಒನಕೆಯಿಂದ ಜಜ್ಜಿ ಜರಡಿ ಹಿಡಿಯುವುದು ಕೊಳಕು ಕೆಲಸ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೂ ಎರಡು ದಿನ ಕಪ್ಪಗೆ ಸೀನುತ್ತೇನೆ.

ನನ್ನನ್ನು ನಿಜವಾಗಿ ಸತಾಯಿಸಿದ್ದು ಆ ಪುಡಿಯನ್ನು ಬಿಲ್ಲೆಯಾಗಿ ಹಿಡಿದಿಡುವ ಅಂಟು. ಸಗಣಿ ಕಲಸಿದೆ, ಬಿಲ್ಲೆ ಗಟ್ಟಿಯಾಯಿತು, ಹೊಗೆಯೂ ವಾಸನೆಯೂ ಮರಳಿ ಬಂದವು. ಜೇಡಿಮಣ್ಣು ಹಾಕಿದರೆ ಬೂದಿ ಹೆಚ್ಚು, ಕಾವು ಕಡಿಮೆ. ಮನೆಯ ಅನ್ನದ ತಿಳಿಗಂಜಿಯಲ್ಲಿ ಕಲಸಿದ್ದು ಒಣಗಿದ ಮೇಲೆ ಎತ್ತಿದರೆ ಪುಡಿಪುಡಿ. ಕೊನೆಗೆ ಕೈಹಿಡಿದದ್ದು ಮರಗೆಣಸಿನ ಹಿಟ್ಟು. 10 ಕೆಜಿ ಪುಡಿಗೆ 700 ಗ್ರಾಂ ಹಿಟ್ಟು. ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಸಿ, ಗೋಡೆಗೆ ಕಾಗದ ಅಂಟಿಸುವ ಸರಿಯಷ್ಟು ಮಂದ ಮಾಡಬೇಕು. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಈ ಹದ ಕೈಗೆ ಹತ್ತಲು ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು.

ಅಚ್ಚಿಗೆ ಏನು ಮಾಡುವುದೆಂದು ಅಡುಗೆಮನೆಯಲ್ಲಿ ಕಣ್ಣಾಡಿಸುತ್ತಿದ್ದಾಗ ಆಯಿ, “ತಮಾ, ಚಕ್ಕುಲಿ ಒರಳು ಮುಟ್ಟಿದೆಯೋ, ಈ ವರ್ಷ ಚೌತಿಗೆ ನಿನಗೆ ಚಕ್ಕುಲಿ ಇಲ್ಲ” ಎಂದಳು. ಮೂರಿಂಚಿನ ಪಿವಿಸಿ ಪೈಪಿನ ತುಂಡು, ಅದರೊಳಗೆ ಕೂರುವ ಮರದ ಗುಂಡು, ನಡುವೆ ತೂತಿಗೊಂದು ಕೋಲು: ಅಷ್ಟರಲ್ಲೇ ಕೆಲಸ ಸಾಗಿತು. ತೂತಿಲ್ಲದ ದಪ್ಪ ಬಿಲ್ಲೆಗಳ ಹೊಟ್ಟೆ ಒಣಗದೆ ಬೂಸ್ಟು ಹಿಡಿದಿತ್ತು. ತೂತಿದ್ದರೆ ಫೆಬ್ರುವರಿಯ ಬಿಸಿಲಿಗೆ ಐದು ದಿನ ಸಾಕು, ಉರಿಯುವಾಗಲೂ ಗಾಳಿಯಾಡುತ್ತದೆ.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಅಗ್ಗಿಷ್ಟಿಕೆಗೆ ಇದಕ್ಕಿಂತ ಹಿತವಾದ ಉರುವಲು ನಾನು ಕಂಡಿಲ್ಲ. ಹೊಗೆಯಿಲ್ಲ ಎಂಬುದೇ ಅಪಾಯವೂ ಹೌದು. ಒಂದು ಆಷಾಢದ ರಾತ್ರಿ ಬಾಗಿಲು, ಕಿಟಕಿ ಮುಚ್ಚಿ ಕೆಂಡ ಇಟ್ಟುಕೊಂಡು ಕುಳಿತವನಿಗೆ ತಲೆ ಸಿಡಿದು ವಾಂತಿಯಾಯಿತು. ಇದ್ದಿಲು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಈಗ ಹೊರಗೆ ಹೊತ್ತಿಸಿ ಮೇಲೆ ಬೂದಿ ಕಟ್ಟಿದ ಮೇಲಷ್ಟೇ ಜಗಲಿಗೆ ತರುತ್ತೇನೆ, ಆಗಲೂ ಬಾಗಿಲು ತೆರೆದಿರಬೇಕು. ಬಾಣಂತಿ ಕೋಣೆಗೆ ಬೇಕೆಂದು ಪಕ್ಕದ ಮನೆಯವರು ಕೇಳಿದಾಗ ಕೊಡಲಿಲ್ಲ, ಅವರಿಗೆ ಬೇಸರವಾಯಿತು.

ಮಾರಿ ಲಾಭ ಮಾಡುವ ಮಾತು ನನ್ನಲ್ಲಿಲ್ಲ. ನನ್ನ ಕೂಲಿಯನ್ನು ಲೆಕ್ಕ ಹಾಕಿದರೆ ಗ್ಯಾಸೇ ಅಗ್ಗ. ಈ ವರ್ಷ ಎಂಟು ಗೋಣಿಚೀಲ ಬಿಲ್ಲೆ ಅಟ್ಟ ಸೇರಿದೆ. ಅಚ್ಚು ಹಾಕುವ ಮೊದಲೇ ಮಳೆಗೆ ಸಿಕ್ಕಿದ ಅರ್ಧ ಚೀಲ ಪುಡಿ ಗೊಬ್ಬರಗುಂಡಿಗೆ ಹೋಯಿತು.